ಸೊಸೈಟಿ ಎಂದರೆ ಯಾವ ಸೊಸೈಟಿ? ಗೃಹ ಸಹಕಾರ ನಿರ್ದೇಶಕರ ವಾರ್ಷಿಕ ತರಬೇತಿಯ ಸುತ್ತಲಿನ ಗೊಂದಲ

ನವೆಂಬರ್ 14ರಿಂದ 20ರವರೆಗೆ ನಡೆಯುವ ಸಹಕಾರ ಸಪ್ತಾಹದ ಆಸುಪಾಸಿನಲ್ಲಿ ಸಹಕಾರ ಸಂಘಗಳ ಕಚೇರಿಗಳಿಗೆ ತರಬೇತಿಯ ಸುತ್ತೋಲೆಗಳು ಬರುತ್ತವೆ. ಗೃಹ ಸಹಕಾರ ಸಂಘಗಳ ಆಡಳಿತ ಮಂಡಳಿ ಸದಸ್ಯರಿಗಾಗಿ ನಡೆಯುವ ವಾರ್ಷಿಕ ತರಬೇತಿ ಸಮ್ಮೇಳನದ ಸುತ್ತೋಲೆಯೂ ಅಂಥದ್ದೇ ಒಂದು. ಪ್ರತಿನಿಧಿ ಶುಲ್ಕ, ಪ್ರಯಾಣ ಭತ್ಯೆ, ಯಾರು ಹೋಗಬೇಕು, ಯಾವ ಖಾತೆಯಿಂದ ಖರ್ಚು ಹಾಕಬೇಕು ಎಂಬ ಚರ್ಚೆ ಅಲ್ಲಿಂದ ಶುರುವಾಗುತ್ತದೆ. ಇತ್ತೀಚೆಗೆ ಈ ಚರ್ಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ವಾಸದ ಫ್ಲ್ಯಾಟ್‌ಗಳ ಮಾಲೀಕರು ಸಹಕಾರ ಸಂಘ ಮಾಡಿಕೊಳ್ಳುವಂತಿಲ್ಲ ಎಂಬ ಅರ್ಥದ ಹೈಕೋರ್ಟ್ ತೀರ್ಪುಗಳ ಸುದ್ದಿ ಓದಿದ ಕಾರವಾರದ ಫ್ಲ್ಯಾಟ್ ನಿವಾಸಿಗಳಿಗೆ, ಹಾಗಾದರೆ ಈ ತರಬೇತಿ ತಮಗೆ ಸಂಬಂಧಿಸಿದ್ದೋ ಅಲ್ಲವೋ ತಿಳಿಯುತ್ತಿಲ್ಲ. ಶಿರಸಿಯ ಬಡಾವಣೆ ಸಂಘಗಳ ಸದಸ್ಯರ ತಕರಾರು ಬೇರೆ. ನಿವೇಶನ ಹಂಚಿ ಮುಗಿದ ಮೇಲೆ ನಿರ್ದೇಶಕರಿಗೆ ಇನ್ನೆಂಥ ತರಬೇತಿ ಎಂಬುದು ಅವರ ಮಾತು.

ಎರಡೂ ಪ್ರಶ್ನೆಗಳಿಗೆ ಉತ್ತರವಿದೆ. ಆದರೆ ಮೊದಲು ‘ಸೊಸೈಟಿ’ ಎಂಬ ಶಬ್ದವನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಒಂದು ಶಬ್ದ, ಮೂರು ಸಂಸ್ಥೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸೊಸೈಟಿ ಎಂದರೆ ಬೆಳೆಸಾಲ, ಗೊಬ್ಬರ, ಪಡಿತರ ಸಿಗುವ ಸೇವಾ ಸಹಕಾರಿ ಸಂಘ. ಕಾರವಾರ, ಅಂಕೋಲಾದಲ್ಲಿ ಮುಂಬಯಿಯಲ್ಲೋ ಗೋವಾದಲ್ಲೋ ನೌಕರಿ ಮುಗಿಸಿ ಬಂದವರ ಬಾಯಲ್ಲಿ ಅದೇ ಶಬ್ದಕ್ಕೆ ತಾವು ವಾಸಿಸುವ ಕಟ್ಟಡವನ್ನು ನೋಡಿಕೊಳ್ಳುವ ಸಂಘ ಎಂಬ ಅರ್ಥ. ಮೂರನೆಯದು ಕರ್ನಾಟಕದಲ್ಲಿ ಹೆಚ್ಚು ಕಾಣುವ ಗೃಹ ನಿರ್ಮಾಣ ಸಹಕಾರ ಸಂಘ. ನೌಕರರೋ ಊರಿನವರೋ ಷೇರು ಹಾಕಿ ಒಟ್ಟಾಗಿ, ಜಮೀನು ಕೊಂಡು, ಬಡಾವಣೆ ಮಾಡಿ, ನಿವೇಶನ ಹಂಚಿಕೊಳ್ಳುವ ಸಂಸ್ಥೆ ಅದು. ಹೆಸರಿನಲ್ಲಿ ‘ನಿರ್ಮಾಣ’ ಇದ್ದರೂ ಇವುಗಳಲ್ಲಿ ಅನೇಕವು ಒಂದು ಮನೆಯನ್ನೂ ಕಟ್ಟಿದ್ದಿಲ್ಲ.

ಈ ಗೊಂದಲಕ್ಕೆ ಜಿಲ್ಲೆಯ ಚರಿತ್ರೆಯೂ ಕಾರಣ. 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬೇರ್ಪಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡ 1956ರವರೆಗೂ ಅಲ್ಲಿಯೇ ಇತ್ತು. ಇಲ್ಲಿನ ಹಳೆಯ ಸಂಘಗಳು 1925ರ ಮುಂಬಯಿ ಸಹಕಾರ ಸಂಘಗಳ ಕಾಯ್ದೆಯ ನೆರಳಿನಲ್ಲಿ ಬೆಳೆದವು. ಠರಾವು (ನಿರ್ಣಯ), ಪೋಟನಿಯಮ (ಉಪನಿಯಮ, ಬೈಲಾ), ಸರ್ವಸಾಧಾರಣ ಸಭೆ (ಎಲ್ಲ ಸದಸ್ಯರ ಸಾಮಾನ್ಯ ಸಭೆ) ಎಂಬ ಮಾತುಗಳು ಇಲ್ಲಿನ ಕಾಗದಪತ್ರಗಳಲ್ಲಿ ಇಂದಿಗೂ ಉಳಿದಿರುವುದು ಆ ಕಾರಣಕ್ಕೆ. ಕಟ್ಟಡ ಸಂಘದ್ದೇ ಆಗಿದ್ದು ಸದಸ್ಯರು ಅದರಲ್ಲಿ ವಾಸಿಸುವ ಮುಂಬಯಿ ಮಾದರಿಯ ಮೊದಲ ಪ್ರಸಿದ್ಧ ಉದಾಹರಣೆಯಾದ, ಅಲ್ಲಿನ ಗಾಂದೇವಿ ಪ್ರದೇಶದ ಸಾರಸ್ವತ ಸಹಕಾರಿ ಗೃಹ ಸಂಘಕ್ಕೂ ಈ ಜಿಲ್ಲೆಗೂ ನಂಟಿದೆ. 1915ರಲ್ಲಿ ಅದನ್ನು ಕಟ್ಟಿದವರು ಶ್ರೀಪಾದ ಸುಬ್ಬರಾವ್ ತಲ್ಮಕಿ ಮತ್ತು ಅವರ ಚಿತ್ರಾಪುರ ಸಾರಸ್ವತ ಸಮುದಾಯ. ಆ ಸಮುದಾಯದ ಮಠ ಇರುವುದು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ. ಆದರೆ 1956ರ ನಂತರ ಜಿಲ್ಲೆ ಸೇರಿದ ರಾಜ್ಯದಲ್ಲಿ ಗೃಹ ಸಹಕಾರವೆಂದರೆ ಮುಖ್ಯವಾಗಿ ನಿವೇಶನ ಹಂಚಿಕೆ. ಮುಂಬಯಿಯ ಕಲ್ಪನೆಯೂ ಬೆಂಗಳೂರಿನ ರೂಢಿಯೂ ಇಲ್ಲಿ ಒಂದೇ ಹೆಸರಿನಡಿ ಉಳಿದುಕೊಂಡವು.

ಹೈಕೋರ್ಟ್ ತೀರ್ಪುಗಳ ಅರ್ಥವೇನು

ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್‌ಗಳಿಗೆ ಸಂಬಂಧಿಸಿ 1972ರ ಎರಡು ಕಾಯ್ದೆಗಳಿವೆ. ಒಂದು ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, ಇನ್ನೊಂದು ಫ್ಲ್ಯಾಟ್‌ಗಳ ನಿರ್ಮಾಣ, ಮಾರಾಟ ಮತ್ತು ನಿರ್ವಹಣೆಯನ್ನು ನಿಯಂತ್ರಿಸುವ ಕಾಯ್ದೆ. ಇವುಗಳ ಜೊತೆಗೆ 1959ರ ಸಹಕಾರ ಸಂಘಗಳ ಕಾಯ್ದೆ, 1960ರ ಸಂಘಗಳ ನೋಂದಣಿ ಕಾಯ್ದೆ ಮತ್ತು ರಿಯಲ್ ಎಸ್ಟೇಟ್ ವಹಿವಾಟನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಇವೆ. ಐದು ಬಾಗಿಲುಗಳಿದ್ದಾಗ ಬಿಲ್ಡರುಗಳು ತಮಗೆ ಯಾವುದು ಸುಲಭವೋ ಅದನ್ನು ತೆರೆದರು, ನಿವಾಸಿಗಳು ತೆರೆದ ಬಾಗಿಲಿನಲ್ಲಿ ಒಳಗೆ ಹೋದರು.

ಹೈಕೋರ್ಟ್ ಈಚಿನ ವರ್ಷಗಳ ತೀರ್ಪುಗಳಲ್ಲಿ ಹೇಳಿರುವುದರ ತಿರುಳು ಇಷ್ಟು: ಕಟ್ಟಡದಲ್ಲಿರುವುದು ವಾಸದ ಮನೆಗಳು ಮಾತ್ರವೇ ಆಗಿದ್ದರೆ ಮಾಲೀಕರು ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ ನೋಂದಾಯಿಸಿ ತಮ್ಮ ಸಂಘ ಮಾಡಿಕೊಳ್ಳಬೇಕು, ಕೆಳಗೆ ಅಂಗಡಿ, ಮೇಲೆ ಮನೆ ಎಂಬಂಥ ಮಿಶ್ರ ಕಟ್ಟಡವಾದರೆ ಎರಡನೆಯ ಕಾಯ್ದೆಯ ಮೂಲಕ ಸಹಕಾರ ಸಂಘದ ದಾರಿ ತೆರೆದಿರುತ್ತದೆ. ಬಡಾವಣೆ ಮಾಡಿ ನಿವೇಶನ ಹಂಚುವ ಗೃಹ ನಿರ್ಮಾಣ ಸಹಕಾರ ಸಂಘಗಳನ್ನು ಈ ತೀರ್ಪುಗಳು ಮುಟ್ಟುವುದೇ ಇಲ್ಲ. ಅವು ಎಂದಿನಂತೆ 1959ರ ಕಾಯ್ದೆಯಡಿಯಲ್ಲಿಯೇ ಇವೆ.

ಹೀಗಾಗಿ ಗೃಹ ಸಹಕಾರಕ್ಕೆ ಇನ್ನು ಉಳಿಗಾಲವಿಲ್ಲ ಎಂಬ ಮಾತು ತಪ್ಪು. ತನ್ನ ಕಟ್ಟಡ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದನ್ನೇ ನೋಡದ ಪದಾಧಿಕಾರಿಯೊಬ್ಬ ತರಬೇತಿಗೆ ಹೋಗಿ ಕುಳಿತರೆ ಅಲ್ಲಿ ಕೇಳಿದ್ದರಲ್ಲಿ ಅರ್ಧ ಅವನಿಗೆ ಅನ್ವಯಿಸುವುದಿಲ್ಲ ಎಂಬುದಂತೂ ನಿಜ. ಸಹಕಾರ ಸಂಘದ ಸದಸ್ಯರ ತಂಟೆ 1959ರ ಕಾಯ್ದೆಯ 70ನೇ ಕಲಮಿನಡಿ ನಿಬಂಧಕರ (ರಿಜಿಸ್ಟ್ರಾರ್) ಮುಂದೆ ಹೋಗುತ್ತದೆ. ಮಾಲೀಕರ ಸಂಘದ್ದು ಆ ದಾರಿ ಹಿಡಿಯುವುದಿಲ್ಲ. ಚುನಾವಣೆ, ಲೆಕ್ಕಪರಿಶೋಧನೆ, ನಿರ್ದೇಶಕರ ಅನರ್ಹತೆಗಳಲ್ಲಿಯೂ ಹೀಗೆಯೇ ದಾರಿಗಳು ಕವಲೊಡೆಯುತ್ತವೆ.

ತರಬೇತಿಗೆ ಕಾನೂನಿನ ಆಸರೆ

ಸಹಕಾರ ಶಿಕ್ಷಣವೆಂಬುದು ಸಪ್ತಾಹದ ಭಾಷಣಕ್ಕೆಂದು ಹುಟ್ಟಿದ ಮಾತಲ್ಲ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಅಂಗೀಕರಿಸಿದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೇ ತಿದ್ದುಪಡಿ ಸದಸ್ಯರ ಸಹಕಾರ ಶಿಕ್ಷಣಕ್ಕೆ ರಾಜ್ಯಗಳು ಕಾನೂನು ಮಾಡಬಹುದೆಂದು ಹೇಳಿತ್ತು. 2021ರ ಜುಲೈ 20ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯ ಸಹಕಾರ ಭಾಗವನ್ನು ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ರದ್ದು ಮಾಡಿ, ಬಹುರಾಜ್ಯ ಸಂಘಗಳಿಗೆ ಮಾತ್ರ ಉಳಿಸಿತು. ರಾಜ್ಯ ವಿಧಾನಮಂಡಲಗಳ ಅನುಮೋದನೆ ಪಡೆಯದಿದ್ದುದೇ ಅದಕ್ಕೆ ಕಾರಣ.

ಆ ತೀರ್ಪಿನ ಬಳಿಕ, ತಿದ್ದುಪಡಿಯಲ್ಲಿದ್ದ ಆಡಳಿತ ಮಂಡಳಿಯ ಐದು ವರ್ಷದ ಅವಧಿ, ಮಹಿಳಾ ಮೀಸಲು, ಲೆಕ್ಕದ ವರ್ಷ ಮುಗಿದ ಆರು ತಿಂಗಳೊಳಗೆ ಸರ್ವಸಾಧಾರಣ ಸಭೆ ಇವೆಲ್ಲ ಬಿದ್ದುಹೋದವು ಎಂದು ತಿಳಿದ ನಿರ್ದೇಶಕರಿದ್ದಾರೆ. ಅದು ಹಾಗಲ್ಲ. ಕರ್ನಾಟಕ ಆ ನಿಯಮಗಳನ್ನು ತನ್ನದೇ 1959ರ ಕಾಯ್ದೆಗೆ ತಿದ್ದುಪಡಿ ತಂದು ಸೇರಿಸಿಕೊಂಡಿತ್ತು, ಆದ್ದರಿಂದ ಅವು ರಾಜ್ಯದ ಕಾನೂನಾಗಿ ನಿಂತಿವೆ. ಸುದ್ದಿಯ ತಲೆಬರಹವೊಂದನ್ನು ನಂಬಿ ಸಭೆ ಕರೆಯದೆ ಕುಳಿತ ಆಡಳಿತ ಮಂಡಳಿಗೆ ಆ ತೀರ್ಪು ರಕ್ಷಣೆ ಕೊಡುವುದಿಲ್ಲ. ತರಬೇತಿಯ ಮೊದಲ ಗಂಟೆಯಲ್ಲಿ ಹೇಳಬೇಕಾದ ಸಂಗತಿಗಳಲ್ಲಿ ಇದೂ ಒಂದು.

2025ರ ಜುಲೈನಲ್ಲಿ ಪ್ರಕಟವಾದ ರಾಷ್ಟ್ರೀಯ ಸಹಕಾರ ನೀತಿಯೂ ಅದೇ ವರ್ಷ ಗುಜರಾತಿನ ಆಣಂದದಲ್ಲಿ ಸ್ಥಾಪನೆಯಾದ ತ್ರಿಭುವನ ಸಹಕಾರಿ ವಿಶ್ವವಿದ್ಯಾಲಯವೂ ತರಬೇತಿಯ ಮಾತಿಗೆ ಹೊಸ ತೂಕ ಕೊಟ್ಟಿವೆ. ಆದರೆ ವಿಶ್ವವಿದ್ಯಾಲಯದಿಂದ ಸಂಸ್ಥೆಗಳಿಗೆ ಸಿಬ್ಬಂದಿ ಬರಬಹುದು. ಹಗಲು ಶಾಲೆಯಲ್ಲಿ ಪಾಠ ಮಾಡಿ ಸಂಜೆ ಸಂಘದ ಚೆಕ್ಕಿಗೆ ಸಹಿ ಹಾಕುವ ಗೌರವ ನಿರ್ದೇಶಕರ ಸಮಸ್ಯೆ ಅಲ್ಲಿ ತೀರುವಂಥದ್ದಲ್ಲ.

ಹಣ ಎಲ್ಲಿಂದ ಬರುತ್ತದೆ, ಪಾಠ ಯಾರದ್ದಾಗುತ್ತದೆ

ಲಾಭ ಮಾಡಿದ ಸಹಕಾರ ಸಂಘ ತನ್ನ ನಿವ್ವಳ ಲಾಭದ ಒಂದು ಪಾಲನ್ನು ಸಹಕಾರ ಶಿಕ್ಷಣ ನಿಧಿಗೆ ಕೊಡಬೇಕು. ರಾಜ್ಯ ಸಹಕಾರ ಮಹಾಮಂಡಳ ಮತ್ತು ಜಿಲ್ಲಾ ಸಹಕಾರ ಯೂನಿಯನ್‌ಗಳ ಶಿಕ್ಷಣ ಕಾರ್ಯಕ್ರಮಗಳಿಗೆ ಇದೇ ಆಧಾರ. ಈ ವ್ಯವಸ್ಥೆಯಲ್ಲಿ ಒಂದು ಓರೆ ಇದೆ. ಪತ್ತಿನ ಸಂಘಗಳು ಮತ್ತು ಮಾರಾಟ ಸಂಘಗಳು ಪ್ರತಿ ವರ್ಷ ವ್ಯವಹಾರ ಮಾಡುತ್ತವೆ, ಲಾಭ ತೋರಿಸುತ್ತವೆ, ನಿಧಿಗೆ ಹಣ ಕಟ್ಟುತ್ತವೆ. ಗೃಹ ನಿರ್ಮಾಣ ಸಂಘಕ್ಕೆ ನಿವೇಶನ ಹಂಚುವ ವರ್ಷಗಳಲ್ಲಿ ಮಾತ್ರ ಹಣದ ಓಡಾಟ. ಆಮೇಲೆ ಅದು ಬಾಗಿಲು ಅರ್ಧ ಮುಚ್ಚಿದ ಕಚೇರಿ. ನಿಧಿಗೆ ಅದರ ಪಾಲು ಅತ್ಯಲ್ಪ, ಕೆಲವೊಮ್ಮೆ ಸೊನ್ನೆ.

ಶಿರಸಿಯಲ್ಲಿ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿ ಇದೆ, 1923ರಲ್ಲಿ ಆರಂಭವಾದ ತೋಟಗಾರರ ಮಾರಾಟ ಸಂಘ ಇದೆ. ಅಡಿಕೆ, ಬೆಳೆಸಾಲ, ಠೇವಣಿ, ವಸೂಲಿ ಇವೇ ಇಲ್ಲಿನ ಸಹಕಾರಿ ಜಗತ್ತಿನ ದಿನದ ಮಾತು. ಹಾಗಿರುವಾಗ ನಿರ್ದೇಶಕರ ತರಬೇತಿ ಎಂದರೆ ಸುಸ್ತಿ ಸಾಲ, ಅನುತ್ಪಾದಕ ಆಸ್ತಿ, ಬಡ್ಡಿದರಗಳ ಕಡೆಗೆ ವಾಲುವುದು ಸಹಜ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಹಣ ಕೊಡುವವರ ಸಂಖ್ಯೆ ಹೆಚ್ಚಿರುವ ಕಡೆಗೆ ಪಾಠ ಹರಿಯುತ್ತದೆ, ಅಷ್ಟೆ. ಅಡಿಕೆ ವಹಿವಾಟು ಚೆನ್ನಾಗಿ ಬಲ್ಲ ಸಂಪನ್ಮೂಲ ವ್ಯಕ್ತಿಗೆ ನಗರ ಯೋಜನಾ ಇಲಾಖೆಯ ವಿನ್ಯಾಸ ನಕ್ಷೆಯ ಪರಿಚಯ ಇರಬೇಕೆಂದೇನೂ ಇಲ್ಲ. ಗೃಹ ಸಂಘಗಳಿಗೆಂದೇ ಪ್ರತ್ಯೇಕ ಸಮ್ಮೇಳನ ಬೇಕೆನ್ನುವ ವಾದಕ್ಕೆ ಬಲ ಬರುವುದು ಇಲ್ಲಿಂದ. ನೆರೆಯ ಮಹಾರಾಷ್ಟ್ರ 2019ರಲ್ಲಿ ತನ್ನ ಸಹಕಾರ ಕಾಯ್ದೆಗೆ ಗೃಹ ಸಂಘಗಳಿಗಾಗಿಯೇ ಒಂದು ಪ್ರತ್ಯೇಕ ಅಧ್ಯಾಯ ಸೇರಿಸಿದ್ದರ ಹಿಂದೆಯೂ ಇಂಥದ್ದೇ ತರ್ಕವಿದೆ.

ಸದಸ್ಯರ ತಕರಾರು, ನಿರ್ದೇಶಕರ ಅಳಲು

ಸದಸ್ಯರ ತಕರಾರನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತಮ್ಮ ವಂತಿಗೆಯಲ್ಲಿ ನಾಲ್ಕು ಜನ ಊರು ಸುತ್ತಿ, ಶಾಲು ಹಾರ ಹಾಕಿಸಿಕೊಂಡು, ಒಂದು ಫೈಲು ಮತ್ತು ಪೆನ್ನು ಹಿಡಿದು ಮರಳುತ್ತಾರೆ, ಸಂಘದಲ್ಲಿ ಏನೂ ಬದಲಾಗುವುದಿಲ್ಲ ಎಂದು ಅವರು ಹೇಳುತ್ತಾರೆ. ಉದ್ಘಾಟನೆ, ಅತಿಥಿಗಳ ಭಾಷಣ, ಊಟಕ್ಕೆ ಮುಂಚೆ ಒಂದು ಉಪನ್ಯಾಸ, ಊಟದ ನಂತರ ಇನ್ನೊಂದು, ಕೊನೆಗೆ ವಂದನಾರ್ಪಣೆ: ಈ ಸಾಲಿನಲ್ಲಿ ಪ್ರಶ್ನೋತ್ತರಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ ಎಂಬುದು ಸುಳ್ಳಲ್ಲ.

ನಿರ್ದೇಶಕರ ಅಳಲೂ ನಿಜವೇ. ಅವರಿಗೆ ಸಂಬಳವಿಲ್ಲ, ಹೊಣೆ ಮಾತ್ರ ಪೂರ್ಣ. ಸಂಘಕ್ಕೆ ನಷ್ಟವಾದದ್ದು ಅವರ ತಪ್ಪಿನಿಂದ ಎಂದು ಲೆಕ್ಕಪರಿಶೋಧನೆಯಲ್ಲೋ ವಿಚಾರಣೆಯಲ್ಲೋ ಕಂಡುಬಂದರೆ 69ನೇ ಕಲಮಿನಡಿ ಆ ಮೊತ್ತವನ್ನು ಅವರ ಕೈಯಿಂದಲೇ ತುಂಬಿಸಿಕೊಳ್ಳಲು ಅವಕಾಶವಿದೆ. ಇಷ್ಟು ಹೊಣೆ ಹೊರಿಸಿದವರು ಒಂದು ದಿನದ ಪಾಠದ ಖರ್ಚಿಗೆ ಲೆಕ್ಕ ಹಾಕುವುದು ಸರಿಯಲ್ಲ ಎಂಬುದು ಅವರ ಮಾತು. ಇಲಾಖೆಯ ಕಡೆಯವರು ಇನ್ನೊಂದು ಮಗ್ಗುಲನ್ನು ತೋರಿಸುತ್ತಾರೆ: ಒಂದೇ ಬಗೆಯ ಆಕ್ಷೇಪಣೆ ವರ್ಷ ವರ್ಷವೂ ಲೆಕ್ಕಪರಿಶೋಧನಾ ವರದಿಯಲ್ಲಿ ಮರುಕಳಿಸುತ್ತದೆ, ಅದಕ್ಕೆ ಸಂಘ ಕೊಡುವ ಅನುಪಾಲನಾ ವರದಿಯಲ್ಲಿ ‘ಮುಂದೆ ಸರಿಪಡಿಸಿಕೊಳ್ಳಲಾಗುವುದು’ ಎಂಬ ಅದೇ ಉತ್ತರ ಬರುತ್ತದೆ.

ಈ ಮೂವರ ಮಾತಿನಲ್ಲೂ ಒಂದು ಸಮಾನ ಅಂಶವಿದೆ. ತರಬೇತಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಸಂಘದ ಕಪಾಟಿನಲ್ಲಿರುವ ಕಾಗದಕ್ಕೂ ಸಭಾಂಗಣದಲ್ಲಿ ನಡೆಯುವ ಉಪನ್ಯಾಸಕ್ಕೂ ಸಂಬಂಧ ಕಡಿದುಹೋಗಿದೆ ಎಂಬುದೇ ಎಲ್ಲರ ದೂರಿನ ಬುಡ.

ಒಂದು ಠರಾವನ್ನು ಓದಿ ನೋಡಿದರೆ

ಈ ಸಂಬಂಧ ಎಲ್ಲಿ ಕಡಿಯುತ್ತದೆ ಎಂಬುದನ್ನು ನೋಡಲು, ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕದ ಒಂದು ಪುಟ ಸಾಕು. ಬಡಾವಣೆಯ ಚರಂಡಿ ಮಳೆಗಾಲದಲ್ಲಿ ಒಡೆದಿದೆ, ದುರಸ್ತಿ ಮಾಡಿಸಬೇಕು ಎಂದಿಟ್ಟುಕೊಳ್ಳೋಣ. ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣುವ ಬರಹ ಹೀಗಿರುತ್ತದೆ: ‘ವಿಷಯ 4: ಚರಂಡಿ ದುರಸ್ತಿ. ಸದರಿ ವಿಷಯವನ್ನು ಚರ್ಚಿಸಿ ಸರ್ವಾನುಮತದಿಂದ ಠರಾಯಿಸಲಾಯಿತು.’ ಕೆಳಗೆ ಅಧ್ಯಕ್ಷರ ಸಹಿ.

ಏನನ್ನು ಠರಾಯಿಸಲಾಯಿತು? ಎಷ್ಟು ಮೊತ್ತಕ್ಕೆ? ಎಷ್ಟು ಜನರಿಂದ ದರಪಟ್ಟಿ ತರಿಸಲಾಗಿತ್ತು, ಕಡಿಮೆ ದರದವನನ್ನು ಬಿಟ್ಟಿದ್ದರೆ ಕಾರಣವೇನು, ಹಣ ಯಾವ ಶೀರ್ಷಿಕೆಯಿಂದ, ಕೆಲಸ ಮುಗಿದದ್ದನ್ನು ನೋಡಿ ಬಿಲ್ಲಿಗೆ ಒಪ್ಪಿಗೆ ಕೊಡುವವರು ಯಾರು? ಇದೊಂದೂ ಆ ಎರಡು ಸಾಲಿನಲ್ಲಿ ಇಲ್ಲ. ಆ ದಿನ ಸಭೆಯಲ್ಲಿ ಈ ಎಲ್ಲ ಚರ್ಚೆ ನಡೆದೇ ಇರಬಹುದು, ಒಬ್ಬ ನಿರ್ದೇಶಕರು ದರ ಹೆಚ್ಚಾಯಿತೆಂದು ವಿರೋಧಿಸಿಯೂ ಇರಬಹುದು. ಆದರೆ ಎರಡು ವರ್ಷದ ನಂತರ ಪುಸ್ತಕ ತೆರೆಯುವ ಲೆಕ್ಕಪರಿಶೋಧಕರಿಗೆ ಕಾಣುವುದು ‘ಸರ್ವಾನುಮತ’ ಎಂಬ ಶಬ್ದ ಮಾತ್ರ. ವಿರೋಧಿಸಿದ ನಿರ್ದೇಶಕರ ಹೆಸರು ದಾಖಲಾಗದ ಕಾರಣ ಹೊಣೆ ಹಂಚುವಾಗ ಅವರೂ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ‘ಬೇಡ ಬಿಡಿ, ಪುಸ್ತಕದಲ್ಲಿ ಬರೆದು ಮನಸ್ತಾಪ ಯಾಕೆ’ ಎಂಬ ಸೌಜನ್ಯಕ್ಕೆ ತೆರಬೇಕಾದ ಬೆಲೆ ಅದು.

ಸೂಚಕರು, ಅನುಮೋದಕರು, ಮೊತ್ತ, ಷರತ್ತು, ಭಿನ್ನಮತ ಇವನ್ನು ಬರೆಯಲು ಐದು ಸಾಲು ಹೆಚ್ಚು ಸಾಕು. ಪ್ರತಿ ಸಂಘದವರು ತಮ್ಮ ನಡಾವಳಿಯ ಒಂದು ಪುಟದ ನಕಲು ತಂದು, ಅದನ್ನು ತಿದ್ದಿ ಬರೆಯುವುದನ್ನೇ ಅರ್ಧ ದಿನದ ಪಾಠವಾಗಿ ಇಟ್ಟರೆ ಉಪನ್ಯಾಸಕ್ಕಿಂತ ಹೆಚ್ಚು ಪ್ರಯೋಜನವಾದೀತು.

ಜಮೀನಿನ ವಿಷಯದಲ್ಲಿ ತಪ್ಪಿದರೆ

ಪತ್ತಿನ ಸಂಘದ ತಪ್ಪು ಹಣದಲ್ಲಿ ಮುಗಿಯಬಹುದು. ಗೃಹ ಸಂಘದ ತಪ್ಪು ಜಮೀನಿಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಕರ್ನಾಟಕದ್ದೇ ದೊಡ್ಡ ನಿದರ್ಶನವಿದೆ. ಬೆಂಗಳೂರಿನ ಎಚ್.ಎಂ.ಟಿ. ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಭೂಸ್ವಾಧೀನವನ್ನು ಎತ್ತಿಹಿಡಿಯಲು ನಿರಾಕರಿಸಿತು. ಸರ್ಕಾರ ಮೊದಲೇ ಅನುಮೋದಿಸಿದ ವಸತಿ ಯೋಜನೆ ಇರಲಿಲ್ಲ. ಸ್ವಾಧೀನ ಮಾಡಿಸಿಕೊಡಲು ಸಂಘ ಮಧ್ಯವರ್ತಿಯೊಬ್ಬರ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಹಣ ಕಟ್ಟಿ ಕಾದ ಸದಸ್ಯರಲ್ಲಿ ಹೆಚ್ಚಿನವರಿಗೆ ಈ ಎರಡೂ ಸಂಗತಿಗಳು ತಿಳಿದಿರಲು ಸಾಧ್ಯವಿರಲಿಲ್ಲ. ತಿಳಿದಿರಬೇಕಾದದ್ದು ಆಡಳಿತ ಮಂಡಳಿಗೆ.

ಉತ್ತರ ಕನ್ನಡದಲ್ಲಿ ಜಮೀನಿನ ಪಾಠ ಇನ್ನಷ್ಟು ಸೂಕ್ಷ್ಮ. ಜಿಲ್ಲೆಯ ಬಹುಭಾಗ ಅರಣ್ಯ. ಘಟ್ಟದ ಮೇಲೆ ಸೊಪ್ಪಿನ ಬೆಟ್ಟವನ್ನು ತೋಟದ ಜೊತೆಗಿನ ಸ್ವಂತ ಆಸ್ತಿಯಂತೆ ಮಾತಾಡುವ ರೂಢಿ ಇದ್ದರೂ ಅದು ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯವೇ ಹೊರತು ನಿವೇಶನ ಮಾಡಿ ಮಾರುವ ಜಾಗವಲ್ಲ. ಘಟ್ಟದ ಕೆಳಗೆ ಸಮುದ್ರದ ಉಬ್ಬರದ ರೇಖೆಯಿಂದ 500 ಮೀಟರಿನವರೆಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಂಥ ನದಿಗಳ ಉಪ್ಪುನೀರು ಏರುವ ಭಾಗದ ದಡಗಳಿಗೂ ಅವು ಅನ್ವಯಿಸುತ್ತವೆ. ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗವನ್ನು ‘ರಸ್ತೆಗೆ ಹತ್ತಿರ’ ಎಂಬ ಒಂದೇ ಗುಣಕ್ಕೆ ಕೊಳ್ಳುವ ಮುನ್ನ 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದುದನ್ನು ನೆನೆಯುವುದು ಒಳ್ಳೆಯದು. ಭೂಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ, ಉದ್ಯಾನ ಮತ್ತು ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರ ಇವಿಲ್ಲದೆ ಹಂಚಿದ ನಿವೇಶನಕ್ಕೆ ಮುಂದೆ ಖಾತೆಯ ಹಂತದಲ್ಲಿ ತೊಡಕು ಎದುರಾಗುತ್ತದೆ, ಆಗ ಹಳೆಯ ನಿರ್ದೇಶಕರು ಊರಲ್ಲಿ ಇರುವುದೇ ಇಲ್ಲ.

ನಿವೇಶನ ಹಂಚಿ ಮುಗಿದ ಮೇಲೆ ತರಬೇತಿ ಯಾಕೆ ಎಂಬ ಶಿರಸಿಯ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ: ಹಂಚುವಾಗ ಬಿಟ್ಟುಹೋದ ಕಾಗದವನ್ನು ಹುಡುಕಿ ಸರಿಪಡಿಸುವ ಕೆಲಸ ಹಂಚಿಕೆಯ ನಂತರವೇ ಶುರುವಾಗುವಂಥದ್ದು.

ಕಾರವಾರದ ಫ್ಲ್ಯಾಟ್‌ಗಳಿಗೆ ಬೇಕಾದ ಪಾಠ ಬೇರೆಯದು. ಸಂಘ ಯಾವ ಕಾಯ್ದೆಯದ್ದೇ ಇರಲಿ, ಉಪ್ಪುಗಾಳಿಗೆ ಕಬ್ಬಿಣದ ಸರಳು ತುಕ್ಕು ಹಿಡಿದು ಕಾಂಕ್ರೀಟು ಉಬ್ಬಿ ಉದುರುವುದು ನಿಲ್ಲುವುದಿಲ್ಲ. ರೇರಾ ಕಾಯ್ದೆಯಂತೆ ಮನೆ ವಶಕ್ಕೆ ಬಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ಕಂಡ ದೋಷವನ್ನು ಬಿಲ್ಡರು ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆದಿರದಿದ್ದರೆ ಆ ಅವಧಿ ಮಾತಿನಲ್ಲೇ ಕಳೆದುಹೋಗುತ್ತದೆ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದ್ದು, ಸದಸ್ಯರೊಬ್ಬರ ತಿಂಗಳ ನಿರ್ವಹಣಾ ವಂತಿಗೆ 7,500 ರೂಪಾಯಿಗಿಂತ ಹೆಚ್ಚಿದ್ದರೆ ಜಿಎಸ್‌ಟಿಯ ಪ್ರಶ್ನೆ ಏಳುತ್ತದೆ ಎಂಬುದೂ ಖಜಾಂಚಿಗೆ ಗೊತ್ತಿರಬೇಕು, ಇಲ್ಲಿನ ಹೆಚ್ಚಿನ ಕಟ್ಟಡಗಳ ವಂತಿಗೆ ಆ ಮಟ್ಟಕ್ಕೆ ಏರುವ ಸಂಭವ ಕಡಿಮೆಯೇ ಆದರೂ.

ಕಡ್ಡಾಯ ಮಾಡಿದರೆ ಆಗುವುದೇನು

ತರಬೇತಿ ಪಡೆಯದ ನಿರ್ದೇಶಕರನ್ನು ಅನರ್ಹಗೊಳಿಸಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಕೇಳಲು ಚೆಂದ. ಆದರೆ ಸಣ್ಣ ಸಂಘಗಳಲ್ಲಿ ಈಗಲೇ ಚುನಾವಣೆಗೆ ನಿಲ್ಲುವವರನ್ನು ಮನೆಗೆ ಹೋಗಿ ಕರೆತರಬೇಕಾದ ಸ್ಥಿತಿ ಇದೆ. ಇನ್ನೊಂದು ಅನರ್ಹತೆ ಸೇರಿದರೆ ಬಿಡುವಿರುವ ನಾಲ್ಕೈದು ಜನರೇ ಸರದಿಯಂತೆ ಆಡಳಿತ ಮಂಡಳಿಯಲ್ಲಿ ಉಳಿಯುತ್ತಾರೆ, ಮೀಸಲು ಸ್ಥಾನಕ್ಕೆ ಬಂದ ಮಹಿಳೆಯರು ಮನೆ, ನೌಕರಿ ಬಿಟ್ಟು ಪರ ಊರಿಗೆ ಹೋಗಲಾಗದೆ ಮೊದಲು ಹೊರಬೀಳುತ್ತಾರೆ. ಹಾಜರಾತಿ ಪ್ರಮಾಣಪತ್ರಕ್ಕೆ ಬೆಲೆ ಬಂದಾಗ ಕಲಿಕೆಯ ಬೆಲೆ ಇಳಿಯುವುದೂ ಉಂಟು. ಸಹಕಾರದ ನಾಲ್ಕನೆಯ ತತ್ವ ಸ್ವಾಯತ್ತತೆ ಎಂಬುದನ್ನು ಬೇರೆ ನೆನಪಿಡಬೇಕು.

ಅದಕ್ಕಿಂತ ಹದವಾದ ದಾರಿ ಇದೆ. ಸಮ್ಮೇಳನಕ್ಕೆ ಹೋಗಿಬಂದವರು ಒಂದು ಪುಟದ ವರದಿಯನ್ನು ಸರ್ವಸಾಧಾರಣ ಸಭೆಯ ಮುಂದೆ ಇಡುವಂತೆ ಪೋಟನಿಯಮದಲ್ಲಿಯೇ ಬರೆದುಕೊಳ್ಳಬಹುದು: ಏನು ಕಲಿತರು, ಸಂಘದ ಯಾವ ಕಾಗದ ಅದರಿಂದ ಬದಲಾಯಿತು, ಹಿಂದಿನ ವರ್ಷದ ಯಾವ ಆಕ್ಷೇಪಣೆ ತೀರಿತು. ಪ್ರಯಾಣ ಭತ್ಯೆಯನ್ನು ಆ ವರದಿಗೆ ಜೋಡಿಸಿದರೆ ಸದಸ್ಯರ ತಕರಾರಿಗೂ ಉತ್ತರ ಸಿಕ್ಕಂತಾಗುತ್ತದೆ. ಐದು ವರ್ಷದ ಅವಧಿಯ ನಾಲ್ಕನೆಯ ವರ್ಷದಲ್ಲಿ ಒಬ್ಬರನ್ನು ಕಳಿಸುವುದಕ್ಕಿಂತ, ಚುನಾವಣೆ ಮುಗಿದ ಮೊದಲ ವರ್ಷವೇ ಹೊಸಬರನ್ನು ಕಳಿಸುವುದರಲ್ಲಿ ಹೆಚ್ಚು ಅರ್ಥವಿದೆ ಎಂಬುದನ್ನು ವಿವರಿಸಬೇಕಿಲ್ಲ.

ಎಲ್ಲಿ ಮತ್ತು ಯಾವಾಗ

ಜಿಲ್ಲಾ ಕಚೇರಿಗಳಿರುವುದು ಕಾರವಾರದಲ್ಲಿ, ಸಹಕಾರಿ ಚಟುವಟಿಕೆಯ ಕೇಂದ್ರ ಶಿರಸಿ. ನಡುವೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ, ಒಂದು ಘಟ್ಟ. ಶಿರಸಿಯಲ್ಲಿ ಸಮ್ಮೇಳನ ಇಟ್ಟರೆ ಕಾರವಾರದ, ಭಟ್ಕಳದ ನಿರ್ದೇಶಕರಿಗೆ ದಿನವೆಲ್ಲ ಬಸ್ಸಿನಲ್ಲಿ ಕಳೆಯುತ್ತದೆ, ಕಾರವಾರದಲ್ಲಿ ಇಟ್ಟರೆ ಮುಂಡಗೋಡ, ಸಿದ್ದಾಪುರದವರಿಗೆ ಅದೇ ಪಾಡು. ಬೆಂಗಳೂರಿನಲ್ಲಿ ಇಟ್ಟರಂತೂ ಒಂದು ದಿನದ ಪಾಠಕ್ಕೆ ಎರಡು ರಾತ್ರಿಯ ಪ್ರಯಾಣ. ಕರಾವಳಿಗೆ ಕುಮಟಾದಲ್ಲಿ ಒಂದು, ಘಟ್ಟದ ಮೇಲಿನವರಿಗೆ ಶಿರಸಿಯಲ್ಲಿ ಒಂದು ಎಂದು ಎರಡು ಮಾಡಿದರೆ ವಿಷಯಗಳೂ ತಾವಾಗಿಯೇ ವಿಂಗಡವಾಗುತ್ತವೆ: ಕೆಳಗೆ ಫ್ಲ್ಯಾಟು ಮತ್ತು ಕರಾವಳಿ ನಿಯಮ, ಮೇಲೆ ಬಡಾವಣೆ ಮತ್ತು ಅರಣ್ಯ.

ಸಪ್ತಾಹದ ನೆಪದಲ್ಲಿ ನವೆಂಬರಿನಲ್ಲಿಯೇ ಎಲ್ಲ ನಡೆಸುವ ರೂಢಿಯನ್ನೂ ಮರುಯೋಚಿಸಬೇಕು. ಸೆಪ್ಟೆಂಬರ್ ಒಳಗೆ ಸರ್ವಸಾಧಾರಣ ಸಭೆ ಮುಗಿದಿರುತ್ತದೆ, ಆದ್ದರಿಂದ ನವೆಂಬರಿನಲ್ಲಿ ಕಲಿತದ್ದು ಬಳಕೆಗೆ ಬರಲು ಮುಂದಿನ ಸಭೆಯವರೆಗೆ ಹತ್ತು ತಿಂಗಳು ಕಾಯಬೇಕು. ಘಟ್ಟದ ಮೇಲೆ ಅಡಿಕೆ ಕೊಯ್ಲೂ ಆಗಲೇ ಶುರುವಾಗುವುದರಿಂದ ತೋಟವಿರುವ ನಿರ್ದೇಶಕರು ಬರುವುದು ಕಷ್ಟ. ಜೂನ್ ನಂತರ ಮಳೆ, ಘಟ್ಟದ ರಸ್ತೆಯ ಭರವಸೆ ಇಲ್ಲ. ಉಳಿಯುವುದು ಏಪ್ರಿಲ್ ಕೊನೆಯ ವಾರ: ಮಾರ್ಚ್ 31ರ ಲೆಕ್ಕ ಆಗಷ್ಟೇ ಮುಗಿದಿರುತ್ತದೆ, ಲೆಕ್ಕಪರಿಶೋಧಕರು ಇನ್ನೂ ಬಂದಿರುವುದಿಲ್ಲ, ನಡಾವಳಿ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಬರಲು ರಸ್ತೆಯೂ ತೆರೆದಿರುತ್ತದೆ. ಮದುವೆಗಳ ಕಾಲ ಎಂಬ ಒಂದು ಅಡ್ಡಿ ಮಾತ್ರ ಇದ್ದೇ ಇದೆ.